ಪದ ಪರಿಚಯ: ಕ್ಲಚ್ ಸ್ಲಿಪ್

ಆಕ್ಸಿಲರೇಟರ್ ತುಳಿದಾಗ ಎಂಜಿನ್ ಸದ್ದು ಏರುತ್ತದೆ, ಗಾಡಿಯ ವೇಗ ಏರುವುದಿಲ್ಲ. ಕ್ಲಚ್ ಪೆಡಲ್ ಮೇಲೆ ಕಾಲೇ ಇಲ್ಲದಿದ್ದರೂ ಹೀಗಾದರೆ ಅದನ್ನು ಕ್ಲಚ್ ಸ್ಲಿಪ್ ಎನ್ನುತ್ತಾರೆ. ಬೆಂಗಳೂರಿನಲ್ಲಿ ಹಳೆಯ ಡೀಸೆಲ್ ಜೀಪುಗಳನ್ನು ಪ್ರೀತಿಯಿಂದ ಸಾಕಿಕೊಂಡವರಿಗೆ ಇದರ ಪರಿಚಯ ಒಮ್ಮೆಯಾದರೂ ಆಗಿರುತ್ತದೆ. ಹೆಚ್ಚಾಗಿ ಆಗುವುದು ನಂದಿ ಬೆಟ್ಟದ ಏರಿನಲ್ಲಿ, ಹಿಂದೆ ನಾಲ್ಕು ಜನ ಕುಳಿತಿರುವಾಗ.

ಎಂಜಿನ್ನಿನ ಹಿಂಬದಿಯಲ್ಲಿ ತಿರುಗುವ ಭಾರವಾದ ಚಕ್ರ ಫ್ಲೈವೀಲ್. ಅದಕ್ಕೂ ಪ್ರೆಷರ್ ಪ್ಲೇಟಿಗೂ ನಡುವೆ ಕ್ಲಚ್ ಪ್ಲೇಟ್ ಇರುತ್ತದೆ, ಅದರ ಎರಡೂ ಮುಖಗಳಿಗೆ ಲೈನಿಂಗ್, ಅಂದರೆ ಜಾರದಂತೆ ಹಿಡಿಯುವ ಪದರ, ಇರುತ್ತದೆ. ಸ್ಪ್ರಿಂಗ್ ಬಲದಿಂದ ಈ ಮೂರೂ ಒತ್ತಿಕೊಂಡಾಗ ಒಂದೇ ತುಂಡಿನಂತೆ ತಿರುಗಿ ಎಂಜಿನ್ನಿನ ಬಲವನ್ನು ಗೇರ್‌ಬಾಕ್ಸಿಗೆ ದಾಟಿಸುತ್ತವೆ. ಲೈನಿಂಗ್ ಸವೆದರೂ, ಸ್ಪ್ರಿಂಗ್ ಸೋತರೂ, ನಡುವೆ ಎಣ್ಣೆ ಸೇರಿದರೂ ಹಿಡಿತ ತಪ್ಪುತ್ತದೆ. ಎಣ್ಣೆ ಸವರಿದ ಅಂಗೈಯಲ್ಲಿ ಮುಚ್ಚಳ ತಿರುಗಿಸಲು ಹೋದಂತೆ, ಎಷ್ಟು ಬಲ ಹಾಕಿದರೂ ಜಾರುತ್ತದೆ. ಹಾಗೆ ಜಾರಿದ ಬಲವೆಲ್ಲ ಶಾಖವಾಗುತ್ತದೆ. ಮೂಗಿಗೆ ಬಡಿಯುವ ಆ ಸುಟ್ಟ ವಾಸನೆ ಲೈನಿಂಗಿನದು.

‘ಗಾಡಿ ಎಳೆಯುತ್ತಿಲ್ಲ’ ಎಂಬ ಒಂದೇ ದೂರಿನ ಹಿಂದೆ ಬೇರೆ ಬೇರೆ ರೋಗಗಳಿರುತ್ತವೆ. ಡೀಸೆಲ್ ಫಿಲ್ಟರ್ ಕಟ್ಟಿಕೊಂಡರೆ, ಪಂಪು ದುರ್ಬಲವಾದರೆ ಎಂಜಿನ್ನೇ ಏರುವುದಿಲ್ಲ. ಸ್ಲಿಪ್ ಆದಾಗ ಎಂಜಿನ್ ಏರುತ್ತದೆ, ಚಕ್ರಗಳಿಗೆ ಬಲ ತಲುಪುವುದಿಲ್ಲ. ಇನ್ನು ಪೆಡಲ್ ಪೂರ್ತಿ ತುಳಿದರೂ ಗೇರ್ ಕರಕರ ಎಂದು ಬೀಳುತ್ತಿದ್ದರೆ ಅದು ಸ್ಲಿಪ್ಪಿಗೆ ತದ್ವಿರುದ್ಧವಾದ ದೋಷ: ಅಲ್ಲಿ ಕ್ಲಚ್ ಪೂರ್ತಿ ಬಿಡುತ್ತಿಲ್ಲ. ಖಚಿತ ಮಾಡಿಕೊಳ್ಳಲು ಸಮತಟ್ಟಾದ, ಮುಂದೆ ಯಾರೂ ಇಲ್ಲದ ಜಾಗದಲ್ಲಿ ಹ್ಯಾಂಡ್ ಬ್ರೇಕ್ ಬಿಗಿಯಾಗಿ ಎಳೆದು, ಬ್ರೇಕ್ ಒತ್ತಿ, ಮೂರನೆಯ ಅಥವಾ ನಾಲ್ಕನೆಯ ಗೇರಿನಲ್ಲಿ ಕ್ಲಚ್ ಬಿಡಿ. ಎಂಜಿನ್ ತಕ್ಷಣ ನಿಂತರೆ ಹಿಡಿತ ಇದೆ. ನಿಲ್ಲದೆ ಗುರುಗುಡುತ್ತ ಓಡುತ್ತಿದ್ದರೆ ಸ್ಲಿಪ್ ಇದೆ. ಈ ಪರೀಕ್ಷೆಯನ್ನು ಮತ್ತೆ ಮತ್ತೆ ಮಾಡಬೇಡಿ, ಪ್ರತಿ ಸಲವೂ ಲೈನಿಂಗ್ ಸುಡುತ್ತದೆ.

ಕಾಡು ದಾರಿಗಿಂತ ನಗರವೇ ಕ್ಲಚ್ಚನ್ನು ಹೆಚ್ಚು ತಿನ್ನುತ್ತದೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಅಡಿ ಅಡಿಯಾಗಿ ಸರಿಯುವಾಗ ಹಾಫ್ ಕ್ಲಚ್ಚಿನಲ್ಲೇ, ಅಂದರೆ ಪೆಡಲನ್ನು ಅರ್ಧ ಮಾತ್ರ ಬಿಟ್ಟು, ಗಾಡಿ ನಿಲ್ಲಿಸಿಕೊಳ್ಳುವುದು, ಓಡಿಸುವಾಗ ಎಡಗಾಲನ್ನು ಪೆಡಲ್ ಮೇಲೆಯೇ ಇಟ್ಟಿರುವುದು, ಎರಡೂ ಕೆಟ್ಟ ಅಭ್ಯಾಸಗಳೇ. ಅಂದಕ್ಕೆಂದು ದೊಡ್ಡ ಟೈರ್ ಹಾಕಿಸಿದರೆ ಗಾಡಿಯನ್ನು ಹೊರಡಿಸಲು ಕ್ಲಚ್ ಮೊದಲಿಗಿಂತ ಹೆಚ್ಚು ದುಡಿಯಬೇಕಾಗುತ್ತದೆ. ಹಳೆಯ ಜೀಪಿಗೆ ಹೆಚ್ಚು ಬಲದ ಎಂಜಿನ್ ಕೂರಿಸಿ ಹಳೆಯ ಕ್ಲಚ್ಚನ್ನೇ ಉಳಿಸಿಕೊಂಡವರೂ ಇದ್ದಾರೆ. ಅಂಥ ಗಾಡಿಗೆ ಲೈನಿಂಗ್ ಎಷ್ಟು ಸಲ ಬದಲಿಸಿದರೂ ಸಾಲದು.

ಸ್ಲಿಪ್ ಎಂದ ಕೂಡಲೇ ಕ್ಲಚ್ ಬದಲಿಸಲೆಂದು ಗೇರ್‌ಬಾಕ್ಸ್ ಇಳಿಸಲು ಒಪ್ಪಿಕೊಳ್ಳಬೇಡಿ. ಮೊದಲು ಕ್ಲಚ್ ಪೆಡಲನ್ನು ಕೈಯಿಂದ ಒತ್ತಿ ನೋಡಿ. ಪೆಡಲನ್ನು ಕ್ಲಚ್ಚಿಗೆ ಜೋಡಿಸುವ ಕೇಬಲ್ ಅಥವಾ ರಾಡ್ ಇರುವ ಗಾಡಿಗಳಲ್ಲಿ ಮೇಲ್ತುದಿಯಲ್ಲಿ ಸ್ವಲ್ಪ ದೂರ ಹಗುರವಾಗಿ ಇಳಿಯಬೇಕು. ಇದೇ ಫ್ರೀ ಪ್ಲೇ. ಲೈನಿಂಗ್ ಸವೆದಂತೆ ಇದು ಕಡಿಮೆಯಾಗುತ್ತ ಹೋಗಿ ಕೊನೆಗೆ ಇಲ್ಲವಾಗುತ್ತದೆ. ಆಗ ನೀವು ಕಾಲು ತೆಗೆದರೂ, ಪೆಡಲ್ ತುಳಿದಾಗ ಹಿಡಿತ ಬಿಡಿಸುವ ರಿಲೀಸ್ ಬೇರಿಂಗ್ ಪ್ರೆಷರ್ ಪ್ಲೇಟನ್ನು ಸ್ವಲ್ಪ ಒತ್ತಿಯೇ ಇರುತ್ತದೆ. ಲೈನಿಂಗ್ ಇನ್ನೂ ದಪ್ಪವಾಗಿದ್ದರೆ ಗಾಡಿಯ ಕೈಪಿಡಿಯಲ್ಲಿ ಹೇಳಿದ ಅಳತೆಗೆ ನಟ್ ಸರಿಪಡಿಸಿದರೆ ಸ್ಲಿಪ್ ನಿಲ್ಲುವುದುಂಟು.

ಎರಡನೆಯದು ಎಣ್ಣೆ. ಕ್ಲಚ್ಚನ್ನು ಮುಚ್ಚಿರುವ ಕವಚವಾದ ಬೆಲ್ ಹೌಸಿಂಗ್‌ನ ತಳದಲ್ಲಿ ಸಾಮಾನ್ಯವಾಗಿ ಒಂದು ಸಣ್ಣ ರಂಧ್ರವಿರುತ್ತದೆ. ಗಾಡಿಯ ಕೆಳಗೆ ಮಲಗಿ ಟಾರ್ಚ್ ಹಿಡಿದು ಅಲ್ಲಿ ತೇವವಿದೆಯೇ ನೋಡಿ, ಬೆರಳಿಗೆ ಹಚ್ಚಿ ಮೂಸಿ. ಮಸಿಯಂತೆ ಕಪ್ಪಾಗಿ ತೆಳ್ಳಗಿದ್ದರೆ ಅದು ಡೀಸೆಲ್ ಎಂಜಿನ್ನಿನ ಆಯಿಲ್, ಎಂಜಿನ್ನಿನ ಮುಖ್ಯ ದಂಡವಾದ ಕ್ರ್ಯಾಂಕ್‌ಶಾಫ್ಟಿನ ಹಿಂದೆ ಎಣ್ಣೆ ತಡೆಯುವ ಸೀಲ್ ಹೋಗಿದೆ. ಮಂದವಾಗಿ, ಗಂಧಕದ ಗಾಟು ಹೊಡೆದರೆ ಗೇರ್ ಆಯಿಲ್, ಗೇರ್‌ಬಾಕ್ಸಿನ ಮುಂದಿನ ಸೀಲ್ ನೋಡಬೇಕು. ಮಾಗಡಿ, ಕನಕಪುರದ ಕಡೆಯ ಕೆಸರಿಗೆ ಹೋಗಿ ಬಂದ ಮೇಲೆ ಆ ರಂಧ್ರದಲ್ಲಿ ಮಣ್ಣು ಕಟ್ಟಿದ್ದರೆ ತಂತಿಯಿಂದ ಬಿಡಿಸಿ. ಇಲ್ಲವಾದರೆ ಸೋರಿದ್ದೆಲ್ಲ ಒಳಗೇ ನಿಂತು ಪ್ಲೇಟಿಗೆ ಸಿಡಿಯುತ್ತದೆ. ಸೀಲ್ ಬದಲಿಸದೆ ಪ್ಲೇಟ್ ಮಾತ್ರ ಬದಲಿಸಿದವರ ದುಡ್ಡು ಖಂಡಿತ ನೀರುಪಾಲು. ಎಣ್ಣೆ ಕುಡಿದ ಲೈನಿಂಗನ್ನು ಪೆಟ್ರೋಲಿನಲ್ಲಿ ತೊಳೆದು ಮತ್ತೆ ಹಾಕುವುದೂ ಬೇಡ, ಬಿಸಿಯಾದಾಗ ಒಳಗಿನ ಎಣ್ಣೆ ಮತ್ತೆ ಹೊರಬರುತ್ತದೆ.

ದಾರಿಯ ನಡುವೆ ಸ್ಲಿಪ್ ಶುರುವಾದರೆ ಆಕ್ಸಿಲರೇಟರ್ ಒತ್ತಿ ಗೆಲ್ಲಲಾಗುವುದಿಲ್ಲ. ಗಾಡಿ ನಿಲ್ಲಿಸಿ, ಕ್ಲಚ್ ಆರಲು ಬಿಡಿ. ಫೋರ್ ವೀಲ್ ಡ್ರೈವ್ ಗಾಡಿಯಾಗಿದ್ದು ಮಣ್ಣಿನ ದಾರಿಯಲ್ಲಿದ್ದರೆ ಲೋ ರೇಂಜ್ ಹಾಕಿ. ಆಗ ಗೇರ್‌ಬಾಕ್ಸಿನ ಹಿಂದಿರುವ ಹೆಚ್ಚುವರಿ ಗೇರ್ ಪೆಟ್ಟಿಗೆಯಾದ ಟ್ರಾನ್ಸ್‌ಫರ್ ಕೇಸ್ ಬಲವನ್ನು ಎರಡು ಪಟ್ಟಿಗೂ ಮಿಗಿಲಾಗಿ ಹೆಚ್ಚಿಸುವುದರಿಂದ ಅದೇ ಏರಿಗೆ ಕ್ಲಚ್ ಹೊರಬೇಕಾದ ಭಾರ ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಕ್ಲಚ್ ಚೆನ್ನಾಗಿರುವವರೂ ಕಲ್ಲಿನ ಏರಿನಲ್ಲಿ ಹೈ ರೇಂಜಿನಲ್ಲಿ ಹಾಫ್ ಕ್ಲಚ್ ಹಿಡಿದು ಹೆಣಗುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಲೋ ರೇಂಜ್ ಹಾಕುವ ಆ ಸಣ್ಣ ಲಿವರ್ ಇರುವುದೇ ಅದಕ್ಕಾಗಿ. ಆದರೆ ಲೋ ರೇಂಜ್ ಸಾಮಾನ್ಯವಾಗಿ ಫೋರ್ ವೀಲ್ ಡ್ರೈವ್ ಜೊತೆಗೇ ಬರುತ್ತದೆ, ಗಟ್ಟಿ ಡಾಂಬರಿನ ಮೇಲೆ ಅದು ಬೇಡ. ಅಲ್ಲಿ ಕೆಳಗಿನ ಗೇರಿನಲ್ಲಿ ಹಗುರ ಕಾಲಿನಿಂದ ಬನ್ನಿ, ಜನ, ಸಾಮಾನು ಇಳಿಸಿ, ಅಥವಾ ಎಳೆಸಿಕೊಂಡು ಹೋಗಿ.

ಗೇರ್‌ಬಾಕ್ಸ್ ಇಳಿಸಲೇಬೇಕಾದರೆ ಪ್ಲೇಟ್, ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರನ್ನೂ ಒಟ್ಟಿಗೆ ಬದಲಿಸಿ. ಜೆ.ಸಿ. ರಸ್ತೆಯಲ್ಲಿ ಬಿಡಿಭಾಗ ಕೊಳ್ಳುವಾಗ ಹಳೆಯ ಪ್ಲೇಟನ್ನೇ ಕೈಯಲ್ಲಿ ಒಯ್ದು ವ್ಯಾಸ ಮತ್ತು ನಡುವಿನ ಹಲ್ಲುಗಳ ಎಣಿಕೆ ಹೊಂದಿಸಿ ನೋಡಿ. ಫ್ಲೈವೀಲ್ ಮೇಲೆ ನೀಲಿ ಕಲೆ, ಕೂದಲೆಳೆಯ ಬಿರುಕು ಕಂಡರೆ ಲೇತ್‌ನಲ್ಲಿ ಫೇಸ್ ಹೊಡೆಸಿ (ಮುಖವನ್ನು ತೆಳ್ಳಗೆ ಕೆತ್ತಿಸಿ ಸಮ ಮಾಡಿಸಿ), ಬಿರುಕು ಆಳವಾಗಿದ್ದರೆ ಬದಲಿಸಿ. ಹಳೆಯ ಲೈನಿಂಗಿನಲ್ಲಿ ಕಲ್ನಾರು (ಆಸ್ಬೆಸ್ಟಸ್) ಇರಬಹುದು, ಆದ್ದರಿಂದ ಒಳಗಿನ ಧೂಳನ್ನು ಗಾಳಿ ಹೊಡೆದು ಹಾರಿಸಲು ಬಿಡಬೇಡಿ, ಒದ್ದೆ ಬಟ್ಟೆಯಿಂದ ಒರೆಸಲು ಹೇಳಿ. ಹೊಸ ಲೈನಿಂಗ್ ಫ್ಲೈವೀಲಿಗೆ ಹೊಂದಿಕೊಳ್ಳಲು ಮೊದಲ ಕೆಲವು ನೂರು ಕಿಲೋಮೀಟರ್ ಭಾರ ಎಳೆಯದೆ ಓಡಿಸಿ, ಆಮೇಲೆ ಫ್ರೀ ಪ್ಲೇಯನ್ನು ಇನ್ನೊಮ್ಮೆ ಅಳೆಯಿರಿ.