ಕರಂಡೆ ಬೇಲಿ ಹಾಕೋ ಮುಂಚೆ ಮುಳ್ಳು ನೋಡಿ

ಮೇ ತಿಂಗಳು ಬಂತು ಅಂದರೆ ನಮ್ಮ ಮನೆ ಮಕ್ಕಳ ಕೈ ತುಂಬಾ ಗೀರು, ತುಟಿ ತುಂಬಾ ಸೊನೆ. ಹಿತ್ತಲ ಬೇಲಿಯಲ್ಲಿ ಕರಂಡೆ ಹಣ್ಣಾಗಿದೆ ಅಂತ ಅರ್ಥ. ಕರಾವಳಿಯವರು ಕರಂಡೆ ಅಂತಾರೆ, ಮಲೆನಾಡಿನ ಕಡೆ ಕವಳಿ, ಕೌಳಿ. ಸಸ್ಯವಿಜ್ಞಾನಿಗಳು ಇಟ್ಟ ಹೆಸರು ಕ್ಯಾರಿಸ್ಸಾ ಕರಂಡಾಸ್.

ಈ ಬೇಲಿ ಮೊದಲೇ ಇರಲಿಲ್ಲ. ಮೊದಲು ನಾನು ನೆಟ್ಟಿದ್ದು ಡುರಾಂಟ. ನೀಲಿ ಹೂವು, ಚಿನ್ನದ ಮಣಿಸರದ ಹಾಗೆ ಜೋತಾಡುವ ಹಣ್ಣು, ಅಲ್ಲಲ್ಲಿ ಮುಳ್ಳು ಬೇರೆ, ಇನ್ನೇನು ಬೇಕು ಅಂತ ನರ್ಸರಿಯಿಂದ ಇಪ್ಪತ್ತು ಸಸಿ ಹೊತ್ತು ತಂದಿದ್ದೆ. ಆ ಮಣಿಗಳು ವಿಷ ಅಂತ ಮಾರಿದವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಮಕ್ಕಳಿರೋ ಮನೆಯಲ್ಲಿ ಅದು ಬೇಡ ಅಂತ ಆಮೇಲೆ ಕಿತ್ತು ಹಾಕಿದೆ. ಹಕ್ಕಿ ತಿನ್ನುತ್ತೆ, ನಾವೂ ತಿನ್ನಬಹುದು ಅನ್ನೋ ಲೆಕ್ಕ ಇಲ್ಲಿ ನಡೆಯಲ್ಲ.

ಹಾಗಾದರೆ ಕರಂಡೆಯ ಗುರುತು ಹಿಡಿಯೋದು ಹೇಗೆ? ಹಣ್ಣಿಗಾಗಿ ಕಾಯಬೇಕಿಲ್ಲ, ಮೊದಲು ಮುಳ್ಳು ನೋಡಿ. ನಾವು ಎಲ್ಲದಕ್ಕೂ ಮುಳ್ಳು ಅಂತೀವಿ, ಆದರೆ ಗಿಡದ ಮಟ್ಟಿಗೆ ಅವು ಬೇರೆ ಬೇರೆ. ಗುಲಾಬಿ ಮುಳ್ಳನ್ನು ಹೆಬ್ಬೆರಳಿಂದ ಪಕ್ಕಕ್ಕೆ ಒತ್ತಿ ನೋಡಿ, ಚಟಕ್ಕನೆ ಕಳಚಿ ಬರುತ್ತೆ. ಅದು ಬರೀ ಹೊರಸಿಪ್ಪೆಯ ಉಬ್ಬು. ಲಂಟಾನದ್ದೂ ಹಾಗೇ, ಆದರೆ ಚಿಕ್ಕದು ಮತ್ತು ಕೊಕ್ಕಿನ ಹಾಗೆ ಬಾಗಿರುತ್ತೆ. ಬೋರೆ ಗಿಡದಲ್ಲಿ ಎಲೆಯ ಬುಡದಲ್ಲಿ ಜೋಡಿ ಮುಳ್ಳು: ಎಷ್ಟೋ ಸಲ ಒಂದು ನೆಟ್ಟಗೆ, ಇನ್ನೊಂದು ಕೊಕ್ಕೆ. ಎಲೆಯ ಬುಡದಲ್ಲಿ ಹುಟ್ಟುವ ಪುಟ್ಟ ಗರಿಗಳೇ ಅಲ್ಲಿ ಮುಳ್ಳಾಗಿರೋದು. ಕರಂಡೆಯದು ಇದ್ಯಾವುದೂ ಅಲ್ಲ. ಅದು ಮುಳ್ಳಾಗಿಬಿಟ್ಟ ಕೊಂಬೆ! ಒಳಗೆ ಕಟ್ಟಿಗೆಯೇ ಇದೆ, ಒತ್ತಿದರೆ ಕಳಚಲ್ಲ, ನಿಮ್ಮ ಬೆರಳೇ ಸೋಲಬೇಕು. ಗೆಣ್ಣಿನಲ್ಲಿ ಜೋಡಿಯಾಗಿ ಬರುತ್ತೆ, ಕೆಲವು ತುದಿಯಲ್ಲಿ ಕವಲೊಡೆದು ಜಿಂಕೆ ಕೊಂಬಿನ ಹಾಗೆ ಕಾಣುತ್ತೆ.

ಜೊತೆಗೆ ಎದುರುಬದುರು ಇರುವ ದಪ್ಪ, ಹೊಳೆಯುವ ಎಲೆ. ಕಿತ್ತರೆ ಬಿಳಿ ಹಾಲು. ಹೂವು ನಕ್ಷತ್ರದ ಹಾಗೆ ಐದು ಎಸಳಿನದು, ಬಿಳಿ, ಒಳ್ಳೆ ಪರಿಮಳ. ಅಂದಹಾಗೆ ಇದು ಕಣಗಿಲೆಯ ಕುಟುಂಬದ್ದೇ. ಕಣಗಿಲೆ ಪೂರ್ತಿ ವಿಷ, ಆದರೆ ಅದಕ್ಕೆ ಮುಳ್ಳಿಲ್ಲ. ಹಾಲು ಬಂತು ಅಂತ ಸುಮ್ನೆ ಕರಂಡೆ ಅಂದುಕೊಂಡು ಬಾಯಿಗೆ ಹಾಕಬೇಡಿ.

ಇನ್ನು ಬೆಳೆಸೋ ವಿಷಯ. ಇಲ್ಲೂ ಒಮ್ಮೆ ಪೆಟ್ಟು ತಿಂದಿದ್ದೇನೆ. ಬೀಜ ತೊಳೆದು, ಒಣಗಿಸಿ, ಡಬ್ಬಿಯಲ್ಲಿಟ್ಟು ಮುಂದಿನ ವರ್ಷ ಬಿತ್ತಿದೆ. ಒಂದೂ ಮೊಳೆಯಲಿಲ್ಲ. ಇದರ ಬೀಜದ ಜೀವ ಬೇಗ ಹೋಗುತ್ತೆ. ಹಣ್ಣು ತಿಂದ ವಾರದೊಳಗೇ ಬಿತ್ತಬೇಕು. ಕೊಂಬೆ ಕತ್ತರಿಸಿ ನೆಟ್ಟರೆ ಬೇರು ಬರೋದು ಕಷ್ಟ, ಗೂಟಿ ಕಟ್ಟಿದರೆ, ಅಂದರೆ ಗಿಡದಲ್ಲಿರುವ ಕೊಂಬೆಗೇ ಮಣ್ಣು ಕಟ್ಟಿ ಬೇರು ಬರಿಸಿದರೆ, ಬರುತ್ತೆ. ಮಳೆಗಾಲದ ಶುರುವಿನಲ್ಲಿ 2ರಿಂದ 3 ಅಡಿಗೊಂದು ಸಸಿ ನೆಡಿ. ಚೆನ್ನಾಗಿ ಬಿಸಿಲು ಬೇಕು. ಮಣ್ಣು ಕಲ್ಲಾಗಿದ್ದರೂ ನಡೆಯುತ್ತೆ, ನೀರು ಮಾತ್ರ ನಿಲ್ಲಬಾರದು. ಮೊದಲ ಬೇಸಿಗೆ ನೀರು ಕೊಟ್ಟರೆ ಆಮೇಲೆ ಅದರ ಪಾಡಿಗೆ ಅದು.

ಸಸಿ ಒಂದಡಿ ಆದಾಗ ತುದಿ ಚಿವುಟಿ. ಅಯ್ಯೋ ಪಾಪ ಅಂತ ಬಿಟ್ಟರೆ ಮೇಲೆ ಪೊದೆ, ಕೆಳಗೆ ನಾಯಿ ನುಗ್ಗುವಷ್ಟು ಜಾಗ. ಕುಡಿ ಕತ್ತರಿಸಿದರೆ ಅಲ್ಲಿಂದ ಕೆಳಗೆ ಬರುತ್ತಿದ್ದ, ಬದಿಯ ಮೊಗ್ಗುಗಳನ್ನು ಮಲಗಿಸಿಟ್ಟಿದ್ದ ಹಾರ್ಮೋನು ಕಡಿಮೆಯಾಗುತ್ತೆ, ಪಕ್ಕದ ಕೊಂಬೆ ಏಳುತ್ತೆ. ದೊಡ್ಡ ಗಿಡವನ್ನು ಸವರೋದಾದರೆ ಹಣ್ಣು ಮುಗಿದ ಕೂಡಲೇ ಸವರಿ. ಹೂವು ಬಿಡೋದು ಕೊಂಬೆಯ ತುದಿಯಲ್ಲಿ. ಡಿಸೆಂಬರಿನಲ್ಲಿ ನೀಟಾಗಿ ಕತ್ತರಿಸಿ ನಿಲ್ಲಿಸಿದಿರೋ, ಆ ವರ್ಷದ ಉಪ್ಪಿನಕಾಯಿಗೆ ಅಂಗಡಿಯೇ ಗತಿ.

ಗೇಟಿನ ಪಕ್ಕ ಮಾತ್ರ ನೆಡಬೇಡಿ, ಕತ್ತರಿಸಿ ಬಿದ್ದ ಮುಳ್ಳು ಸೈಕಲ್ ಟೈರಿಗೂ ಇಳಿಯುತ್ತೆ. ಬೇಲಿ ದಟ್ಟವಾದರೆ ಪಿಕಳಾರ ಒಳಗೆ ಗೂಡು ಕಟ್ಟಬಹುದು, ಬೆಕ್ಕಿಗೆ ಅಲ್ಲಿ ನುಗ್ಗೋದು ಸುಲಭವಲ್ಲ. ಅರೆಬಲಿತ ಕಾಯಲ್ಲಿ ಪೆಕ್ಟಿನ್ ಜಾಸ್ತಿ, ಜೆಲ್ಲಿ ತಾನಾಗಿ ಗಟ್ಟಿಯಾಗುತ್ತೆ. ಕೊಯ್ಯೋ ಮುಂಚೆ ಕೈಗೆ ತೆಂಗಿನೆಣ್ಣೆ ಸವರಿಕೊಳ್ಳಿ, ಸೊನೆ ಅಷ್ಟಾಗಿ ಅಂಟಲ್ಲ. ಗೀರು ಮಾತ್ರ ತಪ್ಪಲ್ಲ.