ಭಾಗಿಸದೇ ಬಿಡಿಸಿದ ಲೆಕ್ಕ

170141183460469231731687303715884105727.

39 ಅಂಕಿ. 127 ಎರಡುಗಳನ್ನು ಒಂದಕ್ಕೊಂದು ಗುಣಿಸಿ, ಬಂದದ್ದರಲ್ಲಿ 1 ಕಳೆದರೆ ಈ ಸಂಖ್ಯೆ ಸಿಗುತ್ತದೆ. ಇದು ಅವಿಭಾಜ್ಯ. ಅಂದರೆ 1 ಮತ್ತು ತನ್ನನ್ನು ಬಿಟ್ಟು ಬೇರೆ ಯಾವುದರಿಂದಲೂ ಶೇಷವಿಲ್ಲದೆ ಭಾಗವಾಗದು. 1876ರಲ್ಲೇ ಇದನ್ನು ಕೈಲೆಕ್ಕದಲ್ಲಿ ಕಂಡುಕೊಂಡವರು ಫ್ರಾನ್ಸಿನ ಎದುವಾರ್ ಲೂಕಾ.

ಪ್ರಶ್ನೆ ಅದಕ್ಕಿಂತ ಹಳೆಯದು. 1644ರಲ್ಲಿ ಪ್ಯಾರಿಸ್ಸಿನ ಕ್ರೈಸ್ತ ಸನ್ಯಾಸಿ ಮರೆನ್ ಮೆರ್ಸೆನ್ ಒಂದು ಪಟ್ಟಿ ಕೊಟ್ಟರು. ಎಷ್ಟು ಎರಡುಗಳನ್ನು ಗುಣಿಸಿ 1 ಕಳೆದರೆ ಅವಿಭಾಜ್ಯ ಸಂಖ್ಯೆ ಬರುತ್ತದೆ? 2, 3, 5, 7, 13, 17, 19, 31, 67, 127, 257 ಎಂದರು. ಪುರಾವೆ ಕೊಡಲಿಲ್ಲ. 31ರದ್ದು ಸರಿ ಎಂದು ಸ್ವಿಸ್ ಗಣಿತಜ್ಞ ಆಯ್ಲರ್ 1772ರಲ್ಲಿ ತೋರಿಸಿದರು. 67 ಮತ್ತು 257 ತಪ್ಪೆಂದು ಮುಂದೆ ಗೊತ್ತಾಯಿತು. 61, 89, 107 ಪಟ್ಟಿಯಿಂದ ಬಿಟ್ಟೇಹೋಗಿದ್ದವು. ಹಾಗಾದರೆ 127?

ಸುಮ್ನೆ ಒಂದೊಂದೇ ಸಂಖ್ಯೆಯಿಂದ ಭಾಗಿಸಿ ನೋಡುತ್ತೇನೆ ಎಂದು ಕೂತರೆ, ಸೆಕೆಂಡಿಗೆ ಒಂದು ಭಾಗಾಕಾರ ಮಾಡಿದರೂ ಸುಮಾರು 40,000 ಕೋಟಿ ವರ್ಷ ಬೇಕು. ಲೂಕಾ ಆ ದಾರಿ ಹಿಡಿಯಲೇ ಇಲ್ಲ. ಅವರ ಉಪಾಯ ನನಗೆ ಇಂದಿಗೂ ಬೆರಗು ತರುತ್ತದೆ, ಅಷ್ಟು ಸರಳ. 3ರಿಂದ ಶುರು ಮಾಡಿ. ಅದರ ವರ್ಗದಿಂದ 2 ಕಳೆಯಿರಿ. ಬಂದದ್ದಕ್ಕೂ ಹಾಗೇ ಮಾಡುತ್ತಾ ಹೋಗಿ. ಉತ್ತರ ದೊಡ್ಡದಾದಾಗಲೆಲ್ಲ, ಪರೀಕ್ಷಿಸುತ್ತಿರುವ ಸಂಖ್ಯೆಯಿಂದ ಭಾಗಿಸಿ ಶೇಷವನ್ನಷ್ಟೇ ಇಟ್ಟುಕೊಳ್ಳಿ. ಗುಣಿಸಿದ ಎರಡುಗಳ ಎಣಿಕೆಗಿಂತ ಒಂದು ಕಡಿಮೆ ಕ್ರಮದ ಸಂಖ್ಯೆಗೆ ಶೇಷ ಸೊನ್ನೆ ಬಂದರೆ, ಪರೀಕ್ಷಿಸಿದ್ದು ಅವಿಭಾಜ್ಯ.

ಪೆನ್ಸಿಲ್ ಇದ್ದರೆ ಈಗಲೇ ಮಾಡಿ ನೋಡಬಹುದು. ಏಳು ಎರಡುಗಳನ್ನು ಗುಣಿಸಿ 1 ಕಳೆದರೆ 127. ಇದು ಅವಿಭಾಜ್ಯವೇ? 3, 7, 47. ಮುಂದಿನದು 2207, 127ರಿಂದ ಭಾಗಿಸಿದರೆ ಶೇಷ 48. 48ರ ವರ್ಗದಲ್ಲಿ 2 ಕಳೆದರೆ 2302, ಶೇಷ 16. 16ರ ವರ್ಗದಲ್ಲಿ 2 ಕಳೆದರೆ 254. ಅದು 127ರ ಸರಿಯಾಗಿ ಎರಡರಷ್ಟು, ಶೇಷ ಸೊನ್ನೆ! ಆರನೆಯ ಸಂಖ್ಯೆಗೆ ಸೊನ್ನೆ ಬಂತು, ಆದ್ದರಿಂದ 127 ಅವಿಭಾಜ್ಯ. ನಮ್ಮ 39 ಅಂಕಿಯ ಸಂಖ್ಯೆಗೆ ಸೊನ್ನೆ ಬರಬೇಕಾದದ್ದು 126ನೆಯದಕ್ಕೆ. ಪ್ರತಿ ಸಲವೂ ಅಷ್ಟುದ್ದದ ಗುಣಾಕಾರ, ಭಾಗಾಕಾರ. ಕಷ್ಟವೇ, ಆದರೆ ಮನುಷ್ಯರ ಕೈಗೆ ಸಿಗುವಂಥದ್ದು.

ಹನೋಯ್ ಗೋಪುರದ ಆಟ ಗೊತ್ತಲ್ವಾ? ಚಿಕ್ಕದರ ಮೇಲೆ ದೊಡ್ಡದನ್ನು ಇಡದೆ, ಬಿಲ್ಲೆಗಳನ್ನು ಒಂದೊಂದಾಗಿ ಮೂರು ಕಂಬಗಳ ನಡುವೆ ಸಾಗಿಸುವ ಆಟ. ಅದನ್ನು ಕಟ್ಟಿದವರೂ ಲೂಕಾ ಅವರೇ. 127 ಬಿಲ್ಲೆಗಳ ಗೋಪುರವನ್ನು ಸಾಗಿಸಲು ಕನಿಷ್ಠ ಇಷ್ಟೇ ನಡೆ ಬೇಕು, ಒಂದೂ ಜಾಸ್ತಿ ಅಲ್ಲ, ಕಡಿಮೆ ಅಲ್ಲ: ಮೇಲಿನ 39 ಅಂಕಿಯ ಸಂಖ್ಯೆ.

75 ವರ್ಷ ಇದಕ್ಕಿಂತ ದೊಡ್ಡ ಅವಿಭಾಜ್ಯ ಯಾರಿಗೂ ಸಿಗಲಿಲ್ಲ. 1951ರಲ್ಲಿ ಯಂತ್ರಗಳು ಬಂದು ದಾಖಲೆ ಮುರಿದವು. ಆದರೂ ವಿಧಾನ ಹಳತಾಗಲಿಲ್ಲ. 2024ರಲ್ಲಿ ಸಿಕ್ಕ 4,10,24,320 ಅಂಕಿಗಳ ಅವಿಭಾಜ್ಯವನ್ನು ಖಚಿತಪಡಿಸಿದ್ದೂ ಇದೇ ಪರೀಕ್ಷೆ, ಅಮೆರಿಕದ ಡೆರಿಕ್ ಲೆಹ್ಮರ್ 1930ರಲ್ಲಿ ತಿದ್ದಿಕೊಟ್ಟ ರೂಪದಲ್ಲಿ.

ಒಂದು ಸರಪಳಿ ಮಾತ್ರ ಅರ್ಧಕ್ಕೆ ನಿಂತಿದೆ. ಎರಡು ಎರಡುಗಳಿಂದ 3, ಮೂರರಿಂದ 7, ಏಳರಿಂದ 127, ನೂರಿಪ್ಪತ್ತೇಳರಿಂದ ಲೂಕಾ ಅವರ ಸಂಖ್ಯೆ. ಎಲ್ಲವೂ ಅವಿಭಾಜ್ಯ. ಇದರ ಮುಂದಿನ ಕೊಂಡಿಯೂ, ಅಂದರೆ ಲೂಕಾ ಅವರ ಸಂಖ್ಯೆಯಷ್ಟು ಎರಡುಗಳಿಂದ ಬರುವುದೂ, ಅವಿಭಾಜ್ಯವೇ ಎಂದು ಬೆಲ್ಜಿಯಂನ ಯುಜೀನ್ ಕ್ಯಾಟಲಾನ್ ಆಗಲೇ ಯೋಚಿಸಿದ್ದರು. ಉತ್ತರ ಇನ್ನೂ ಯಾರಿಗೂ ಗೊತ್ತಿಲ್ಲ. ಲೂಕಾ ಅವರ ಪರೀಕ್ಷೆಯೂ ಅಲ್ಲಿ ಕೈ ಕೊಡುತ್ತದೆ. ಹಾಕಬೇಕಾದ ಹೆಜ್ಜೆಗಳ ಎಣಿಕೆಯೇ 39 ಅಂಕಿ.