ಕಮಿಂಗ್ ಆಫ್ ಏಜ್: ವಯಸ್ಸಿಗೂ ಇದಕ್ಕೂ ಅಷ್ಟೊಂದು ನಂಟಿಲ್ಲ

ಹೀರೋ ಕಾಲೇಜು ಮೆಟ್ಟಿಲು ಹತ್ತಿದರೆ ಸಾಕು, ವಿಮರ್ಶೆಯಲ್ಲಿ ‘ಕಮಿಂಗ್ ಆಫ್ ಏಜ್ ಸಿನಿಮಾ’ (ಬೆಳೆದು ದೊಡ್ಡವರಾಗುವ ಕಥೆ) ಅಂತ ಬಂದುಬಿಡುತ್ತದೆ. ಈಗ 2007ರ ‘ದಿ ಗೋಲ್ಡನ್ ಕಂಪಾಸ್’ ಚಿತ್ರಕ್ಕೂ ಅದೇ ಹಣೆಪಟ್ಟಿ. ಅದರ ಮೂಲ ಕಾದಂಬರಿಗಾದರೆ ಸರಿ. ಸಿನಿಮಾಕ್ಕೆ ಸುತರಾಂ ಒಪ್ಪುವುದಿಲ್ಲ.

ಗೊಂದಲವೆಲ್ಲ ‘ಏಜ್’ನಿಂದ. ಇಂಗ್ಲಿಷಿನಲ್ಲಿ ಇದು ಕಾನೂನಿನ ಮಾತೂ ಹೌದು: ಆಸ್ತಿ ಕೈಗೆ ಬರುವ, ಸ್ವಂತ ಸಹಿಗೆ ಬೆಲೆ ಬರುವ ವಯಸ್ಸು. ಇಂಗ್ಲೆಂಡಿನಲ್ಲಿ ಅದು 21 ಇತ್ತು, 1970ರಲ್ಲಿ 18ಕ್ಕೆ ಇಳಿಯಿತು. ನಾವು ಇದನ್ನು ‘ಪ್ರಾಯಕ್ಕೆ ಬರುವುದು’ ಅಂದುಕೊಂಡು ಚಿಗುರುಮೀಸೆ, ಮೊದಲ ಪ್ರೀತಿ ಇಷ್ಟಕ್ಕೇ ಮುಗಿಸುತ್ತೇವೆ. ಸಾಹಿತ್ಯದವರ ಅರ್ಥಕ್ಕೆ ಜರ್ಮನಿಯ ಕಡೆ ನೋಡಬೇಕು. ಅಲ್ಲಿ ಇಂಥ ಕಾದಂಬರಿಗೆ ‘ಬಿಲ್ಡುಂಗ್ಸ್‌ರೋಮಾನ್’ ಅಂತಾರೆ. ‘ರೋಮಾನ್’ ಅಂದರೆ ಕಾದಂಬರಿ. ‘ಬಿಲ್ಡುಂಗ್’ ಒಳಗಿರುವ ‘ಬಿಲ್ಡ್’ ಅಂದರೆ ಚಿತ್ರ, ರೂಪ. ಹಿಂದೆ ಧರ್ಮದವರು ‘ಬಿಲ್ಡುಂಗ್’ ಅನ್ನು ದೇವರ ರೂಪಕ್ಕೆ ತಕ್ಕಂತೆ ಮನುಷ್ಯ ರೂಪುಗೊಳ್ಳುವುದು ಅನ್ನೋ ಅರ್ಥದಲ್ಲಿ ಬಳಸುತ್ತಿದ್ದರು. ಕಾದಂಬರಿಗೆ ಈ ಹೆಸರಿಟ್ಟವನು 19ನೇ ಶತಮಾನದ ಆರಂಭದ ಪ್ರಾಧ್ಯಾಪಕ ಕಾರ್ಲ್ ಮೊರ್ಗೆನ್‌ಸ್ಟೆರ್ನ್. ಮಾದರಿಯೆಂದರೆ ಜರ್ಮನ್ ಸಾಹಿತಿ ಗಯಟೆ 1795-96ರಲ್ಲಿ ಹೊರತಂದ ವಿಲ್ಹೆಲ್ಮ್ ಮೈಸ್ಟರನ ಕಥೆ. ವ್ಯಾಪಾರಿಯ ಮಗ, ನಾಟಕದ ಹುಚ್ಚು ಹತ್ತಿಸಿಕೊಂಡು ಹೋಗುತ್ತಾನೆ, ಕೊನೆಗೆ ರಂಗಭೂಮಿ ತನ್ನದಲ್ಲ ಅಂತ ಅವನಿಗೇ ಅರಿವಾಗುತ್ತದೆ. ಕಮಿಂಗ್ ಆಫ್ ಏಜ್ ಅಂದರೆ ಇದೇ: ನಂಬಿದ್ದು ಕುಸಿಯಬೇಕು, ಅದಕ್ಕೆ ಏನಾದರೂ ಕಳೆದುಕೊಳ್ಳಬೇಕು. ಹುಟ್ಟಿದ ತಾರೀಖು ಯಾರಿಗೆ ಬೇಕು?

ಫಿಲಿಪ್ ಪುಲ್‌ಮನ್ 1995ರಲ್ಲಿ ಬರೆದ ‘ನಾರ್ದರ್ನ್ ಲೈಟ್ಸ್’ (ಅಮೆರಿಕದಲ್ಲಿ ಇದೇ ‘ಗೋಲ್ಡನ್ ಕಂಪಾಸ್’) ಇದನ್ನು ಕಥೆಯ ಮೈಯಲ್ಲೇ ಇಟ್ಟಿದೆ. ಅಲ್ಲಿ ಪ್ರತಿಯೊಬ್ಬರ ಆತ್ಮವೂ ಪ್ರಾಣಿಯಾಗಿ ಜೊತೆಗೇ ಓಡಾಡುತ್ತದೆ. ಮಕ್ಕಳ ಪ್ರಾಣಿ ಬೇಕಾದಾಗ ರೂಪ ಬದಲಿಸುತ್ತದೆ. ಮೊದಲ ಪುಟದಲ್ಲಿ ಕಥೆಯ ನಾಯಕಿ, ಪುಟ್ಟ ಹುಡುಗಿ ಲೈರಾಳದು ಕಂದು ಬಣ್ಣದ ಪತಂಗ. ದೊಡ್ಡವರಾದ ಮೇಲೆ ಒಂದೇ ರೂಪಕ್ಕೆ ನಿಂತುಬಿಡುತ್ತದೆ. ‘ಬಿಲ್ಡುಂಗ್’ ಅಂದರೆ ಇದೇ ಅಲ್ವಾ?

ಲೈರಾ ಗೆಳೆಯ ರೋಜರ್‌ನನ್ನು ಹುಡುಕಿಕೊಂಡು ಉತ್ತರದ ಹಿಮದವರೆಗೂ ಹೋಗಿ ಬಿಡಿಸಿಕೊಳ್ಳುತ್ತಾಳೆ. ಆಮೇಲೆ ಅಪ್ಪನಿಗೆ ಸಹಾಯ ಆಗಲಿ ಅಂತ, ಅಪ್ಪ ಇದ್ದಲ್ಲಿಗೇ ಅವನನ್ನು ಕರೆದುಕೊಂಡು ಹೋಗುತ್ತಾಳೆ. ಅಪ್ಪನಿಗೆ ಬೇಕಿದ್ದದ್ದು ಒಂದು ಮಗು. ಬೇರೆ ಲೋಕಕ್ಕೆ ದಾರಿ ತೆರೆಯಲು ಅವನು ರೋಜರ್‌ನನ್ನು ಬಲಿ ಕೊಡುತ್ತಾನೆ. ಗೆಳೆಯನನ್ನು ಸಾವಿನ ಬಾಗಿಲಿಗೆ ತಂದವಳು ತಾನೇ ಅಂತ ಲೈರಾಗೆ ಗೊತ್ತಾಗುತ್ತದೆ.

ಸಿನಿಮಾದವರು ಇದನ್ನು ಚಿತ್ರೀಕರಿಸಿಯೂ ಕತ್ತರಿಸಿ ಹಾಕಿದರು. ಪರದೆಯ ಮೇಲೆ ಮಕ್ಕಳಿಬ್ಬರೂ ನಗುನಗುತ್ತಾ ಬಲೂನು ಹಡಗಿನಲ್ಲಿ ಅಪ್ಪನ ಕಡೆ ಹೊರಡುವಾಗಲೇ ಕಥೆ ಮುಗಿಯುತ್ತದೆ. ಲೈರಾ ಶುರುವಿನಲ್ಲಿ ನಂಬಿದ್ದನ್ನೇ ಕೊನೆಗೂ ನಂಬಿರುತ್ತಾಳೆ. ಗ್ರಾಫಿಕ್ಸ್‌ಗೆ ಆಸ್ಕರ್ ಬಂತು, ಅದು ನ್ಯಾಯವೇ. ಉಳಿದದ್ದನ್ನು ಮುಂದಿನ ಭಾಗಕ್ಕೆ ಅಂತ ಎತ್ತಿಟ್ಟಿದ್ದರು, ಆ ಭಾಗ ಬರಲೇ ಇಲ್ಲ. ಇದೇ ಕಥೆಯ 2019ರ ಟಿವಿ ಸರಣಿಯ ಮೊದಲ ಸೀಸನ್ ಮಾತ್ರ ರೋಜರ್‌ನ ಸಾವಿನವರೆಗೂ ಹೋಯಿತು. ಹಣೆಪಟ್ಟಿ ಅಂಟಿಸಲೇಬೇಕಾದರೆ ಅದಕ್ಕೆ ಅಂಟಿಸಿ. 2007ರದ್ದನ್ನು ಸುಮ್ನೆ ‘ಮಕ್ಕಳ ಸಾಹಸ ಚಿತ್ರ’ ಅನ್ನಿ, ತಕರಾರಿಲ್ಲ.